ಇಂಟರ್‌ವ್ಯೂ ಪ್ರಶ್ನೋತ್ತರ: ತೋಟ ನೋಡ್ಕೊಂಡಿದ್ದು ಗ್ಯಾಪ್ ಆಗುತ್ತಾ?

ಪ್ರಶ್ನೆ: ಬಿಕಾಂ ಮುಗ್ಸಿ ಎರಡು ವರ್ಷ ಆಯ್ತು. ಅಪ್ಪಂಗೆ ಹುಷಾರಿರ್ಲಿಲ್ಲ, ನಮ್ಮ ನಾಲ್ಕೆಕರೆ ಕಾಫಿ ತೋಟ ನಾನೇ ನೋಡ್ಕೊಂಡೆ. ಈಗ ಬೆಂಗಳೂರಲ್ಲಿ ಅಕೌಂಟ್ಸ್ ಕೆಲಸಕ್ಕೆ ಹೋದಲ್ಲೆಲ್ಲ ಗ್ಯಾಪ್ ಯಾಕೆ ಅಂತಾರೆ. ಏನೋ ಕೋರ್ಸ್ ಮಾಡ್ತಿದ್ದೆ ಅಂದ್ಬಿಡ್ಲಾ? – ಓದುಗ, ಮೂಡಿಗೆರೆ

ಉತ್ತರ: ಬೇಡ ಮಾರಾಯ್ರೆ. ಯಾವ ಕೋರ್ಸು, ಸರ್ಟಿಫಿಕೇಟ್ ಎಲ್ಲಿ ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತೆ. ಅಲ್ಲ, ತೋಟ ನಡೆಸಿದ್ದನ್ನ ಗ್ಯಾಪ್ ಅಂತ ನೀವೇ ಯಾಕೆ ಒಪ್ಕೋತೀರಿ? ಅರೇಬಿಕಾ ಕುಯ್ಲು ಶುರುವಾದ್ರೆ ರೊಬಸ್ಟಾ ಮುಗಿಯೋವರೆಗೆ ದಿನಾ ಸಂಜೆ ಹಣ್ಣು ತೂಕ ಹಾಕಿ, ಯಾರು ಎಷ್ಟು ಕೆಜಿ ಕುಯ್ದ್ರು ಬರ್ಕೊಂಡು, ಮೊದ್ಲೇ ತಗೊಂಡಿದ್ದ ಅಡ್ವಾನ್ಸ್ ಕಳ್ದು, ವಾರವಾರ ಬಟವಾಡೆ ಮಾಡಿದೀರಿ, ಒಂದು ರೂಪಾಯಿ ಹೆಚ್ಚುಕಮ್ಮಿ ಆದ್ರೂ ಜನ ಕಣದಲ್ಲೇ ನಿಲ್ಲಿಸಿ ಕೇಳಿರ್ತಾರೆ. ಹಣ್ಣನ್ನ ಹಾಗೇ ಒಣಗಿಸಿ ಚೆರಿ ಮಾರೋದಾ, ಪಲ್ಪ್ ಮಾಡಿಸಿ, ಅಂದ್ರೆ ಸಿಪ್ಪೆ ತೆಗೆಸಿ, ಪಾರ್ಚ್‌ಮೆಂಟ್ ಮಾಡೋದಾ, 50 ಕೆಜಿ ಮೂಟೆಗೆ ಇವತ್ತಿನ ರೇಟಿಗೆ ಕೊಡೋದಾ ಕಾಯೋದಾ ಅಂತ ಲೆಕ್ಕ ಹಾಕಿದೀರಿ. ಇದನ್ನೇ ಹೇಳಿ. "ಎರಡು ವರ್ಷ ತೋಟದ ಲೆಕ್ಕ, ಬಟವಾಡೆ, ಮಾರಾಟ ನಾನೇ ನೋಡ್ಕೊಂಡೆ, ಅಪ್ಪ ಈಗ ಚೇತರಿಸ್ಕೊಂಡಿದಾರೆ, ಅದಕ್ಕೇ ಕೆಲಸಕ್ಕೆ ಬಂದಿದೀನಿ." ಇಷ್ಟೇ ಸಾಕು, ಕಣ್ಣೀರ ಕಥೆ ಬೇಡ. ಆ ಬಟವಾಡೆ ಪುಸ್ತಕ ಇದ್ರೆ ಒಂದು ತಿಂಗಳದ್ದನ್ನ ಎಕ್ಸೆಲ್‌ಗೆ ಹಾಕಿ, ಹೆಸರೆಲ್ಲ ತೆಗ್ದು, ಫೈಲಲ್ಲಿ ಇಟ್ಕೊಂಡು ಹೋಗಿ.

ಅವ್ರ ಮನಸ್ಸಲ್ಲಿರೋ ಅನುಮಾನ ಬೇರೆ ಇರುತ್ತೆ, ಮುಂದಿನ ಕುಯ್ಲಿಗೆ ಈತ ಮತ್ತೆ ಊರಿಗೆ ಓಡ್ತಾನಾ ಅಂತ. ಅವ್ರು ಕೇಳೋಕೆ ಮುಂಚೆನೇ ತೋಟಕ್ಕೆ ಯಾರನ್ನ ಬಿಟ್ಟಿದೀರಿ ಅಂತ ಹೇಳ್ಬಿಡಿ. ಇನ್ನೊಂದು, ನೀವು ಕಾಲೇಜಲ್ಲಿ ಓದಿದ ಜಿಎಸ್‌ಟಿ ಈಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ಶೇ. 12 ಮತ್ತು 28ರ ಸ್ಲ್ಯಾಬಲ್ಲಿದ್ದ ಬಹುತೇಕ ಸಾಮಾನು ಶೇ. 5 ಇಲ್ಲಾ 18ಕ್ಕೆ ಬಂದಿದೆ, ಕೆಲವಕ್ಕೆ ಮಾತ್ರ 40. ಎರಡು ವರ್ಷ ಟಚ್ ಬಿಟ್ಟವ್ರಿಗೆ ಕೇಳೋದೇ ಇಂಥದ್ದು, ಓದ್ಕೊಂಡು ಹೋಗಿ.

ಪ್ರಶ್ನೆ: ಎಂಜಿನಿಯರಿಂಗ್ ಫೈನಲ್ ಇಯರ್. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮೀಡಿಯಂ, ಇಂಗ್ಲಿಷ್ ತಡವರಿಸುತ್ತೆ. ಆಲೂಗಡ್ಡೆ ಎಲೆ ಫೋಟೋ ನೋಡಿ ರೋಗ ಹೇಳೋ ಪ್ರಾಜೆಕ್ಟ್ ಮಾಡಿದ್ವಿ, ಅದ್ರಲ್ಲೂ ಕೋಡ್ ಬರೆದಿದ್ದು ಗೆಳತಿ, ನಾನು ಹೊಲದಲ್ಲಿ ಫೋಟೋ ತೆಗೆದೆ ಅಷ್ಟೇ. – ಓದುಗಿ, ಹಾಸನ

ಉತ್ತರ: 'ಅಷ್ಟೇ' ಅನ್ನೋದನ್ನ ಮೊದ್ಲು ಬಿಡಿ. ಇಂಥ ಪ್ರಾಜೆಕ್ಟಿಗೆ ತುಂಬಾ ಜನ ಪ್ಲಾಂಟ್‌ವಿಲೇಜ್ ಅನ್ನೋ ರೆಡಿ ಡೇಟಾಸೆಟ್ ಬಳಸ್ತಾರೆ. ಅದ್ರಲ್ಲಿ ಒಂದೊಂದೇ ಎಲೆ ಕಿತ್ತು, ಪ್ಲೇನ್ ಹಿನ್ನೆಲೆ ಮೇಲಿಟ್ಟು ತೆಗೆದ ಫೋಟೋಗಳೇ ಜಾಸ್ತಿ. ಆ ಫೋಟೋದಲ್ಲಿ ಕಲಿತ ಮಾಡೆಲ್ಲು, ಅಂದ್ರೆ ರೋಗ ಗುರುತಿಸೋ ಪ್ರೋಗ್ರಾಮು, ಕಂಪ್ಯೂಟರಲ್ಲಿ ಭರ್ಜರಿ ಮಾರ್ಕ್ಸ್ ತಗೊಂಡು, ಮಣ್ಣು ಕಳೆ ನೆರಳು ಎಲ್ಲಾ ಇರೋ ನಿಜವಾದ ಹೊಲಕ್ಕೆ ಬಂದ್ರೆ ಮುಗ್ಗರಿಸುತ್ತೆ. ಹೊಲದ ಫೋಟೋ ಯಾಕೆ ಬೇಕಾಯ್ತು, ಮೋಡ ಮುಸುಕಿ ಜಿಟಿಜಿಟಿ ಮಳೆ ಹಿಡಿದಾಗ ಅಂಗಮಾರಿ ಹೇಗೆ ಹಬ್ಬುತ್ತೆ, ಅದರ ಕಲೆಗೂ ಬೇರೆ ಎಲೆಚುಕ್ಕೆ ರೋಗಕ್ಕೂ ವ್ಯತ್ಯಾಸ ಹೇಗೆ ಗುರುತಿಸಿದ್ರಿ, ಯಾರನ್ನ ಕೇಳಿ ಖಾತ್ರಿ ಮಾಡ್ಕೊಂಡ್ರಿ, ಇದನ್ನೆಲ್ಲ ನಿಮ್ಮಷ್ಟು ಚೆನ್ನಾಗಿ ನಿಮ್ಮ ಗೆಳತಿನೂ ಹೇಳಲಾರಳು. ಕೋಡ್ ನಾನೇ ಬರೆದೆ ಅಂತ ಮಾತ್ರ ಹೇಳ್ಬೇಡಿ, ಎರಡನೇ ಪ್ರಶ್ನೆಗೇ ಸಿಕ್ಕಿಬೀಳ್ತೀರಿ. ಆದ್ರೆ ಅದು ಹೇಗೆ ಕೆಲ್ಸ ಮಾಡುತ್ತೆ ಅಂತ ಅವಳ ಹತ್ರ ಕೂತು ಕಲಿತ್ಕೊಳಿ.

ಇಂಗ್ಲಿಷಿಗೆ ನನ್ನ ಸಲಹೆ: ಯೂಟ್ಯೂಬಿನ 'ಐ ಆಮ್ ಹಾರ್ಡ್ ವರ್ಕಿಂಗ್' ಬಾಯಿಪಾಠ ಬಿಡಿ, ಸಾಲಲ್ಲಿ ಕೂತ ಎಲ್ರೂ ಅದನ್ನೇ ಒಪ್ಪಿಸ್ತಾರೆ. ಈ ಫೋಟೋ ಕಥೆನ ಮೊದ್ಲು ಕನ್ನಡದಲ್ಲಿ ಜೋರಾಗಿ ಹೇಳಿ, ಆಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯದಲ್ಲಿ ಹೇಳಿ ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿ. ಕೇಳೋಕೆ ಕಿರಿಕಿರಿ ಆಗುತ್ತೆ, ಆಗ್ಲಿ. ಗ್ರಾಮರ್ ತಪ್ಪಿದ್ರೆ ಕ್ಷಮಿಸೋರು ಇದಾರೆ, ವಿಷಯನೇ ಇಲ್ದಿದ್ರೆ ಯಾರೂ ಇಲ್ಲ.

ಪ್ರಶ್ನೆ: ಫೋನಲ್ಲೇ ಸೆಲೆಕ್ಟ್ ಅಂದ್ರು. ಲ್ಯಾಪ್‌ಟಾಪಿಗೆ ವಾಪಸ್ ಕೊಡೋ ಡೆಪಾಸಿಟ್ ಕಟ್ಟಿ ಅಂತಾರೆ. – ಓದುಗ, ಕಡೂರು

ಉತ್ತರ: ಕಟ್ಬೇಡಿ. ಕೆಲಸ ಕೊಡೋರು ನಿಮಗೆ ದುಡ್ಡು ಕೊಡ್ಬೇಕು, ನೀವಲ್ಲ. ಕಟ್ಟಿಬಿಟ್ಟಿದ್ರೆ ಈ ಪತ್ರಿಕೆ ಕೆಳಗಿಟ್ಟು ಈಗ್ಲೇ 1930ಕ್ಕೆ ಫೋನ್ ಮಾಡಿ, ಸೈಬರ್ ವಂಚನೆ ಹೆಲ್ಪ್‌ಲೈನ್ ಅದು, ಬೇಗ ಹೇಳಿದಷ್ಟೂ ದುಡ್ಡು ಬ್ಯಾಂಕಲ್ಲೇ ತಡೆಹಿಡಿಯೋ ಚಾನ್ಸ್ ಜಾಸ್ತಿ. ಮುಳ್ಳಯ್ಯನಗಿರಿ ಎತ್ತರನೂ 1930 ಮೀಟರೇ, ನಮ್ಮ ಜಿಲ್ಲೆಯವ್ರು ನಂಬರ್ ಮರೆಯೋ ಹಾಗಿಲ್ಲ.

ಪ್ರಶ್ನೆ: 3.6 ಲಕ್ಷ ಸಿಟಿಸಿ ಅಂದ್ರೆ ತಿಂಗಳಿಗೆ 30,000 ಕೈಗೆ ಬರುತ್ತಲ್ವಾ? – ಓದುಗಿ, ಬೇಲೂರು

ಉತ್ತರ: ಬರಲ್ಲ. ಸಿಟಿಸಿ ಅಂದ್ರೆ ನಿಮಗೋಸ್ಕರ ಕಂಪನಿ ವರ್ಷಕ್ಕೆ ಮಾಡೋ ಒಟ್ಟು ಖರ್ಚು, ಕೈಗೆ ಬರೋ ಸಂಬಳ ಅಲ್ಲ. ತಿಂಗಳ ಬೇಸಿಕ್ 15,000 ಅಂತಿಟ್ಕೊಳಿ. ಕಂಪನಿ ಕಟ್ಟೋ ಪಿಎಫ್ ಶೇ. 12, ಅಂದ್ರೆ 1,800 ರೂಪಾಯಿ, ಅದೂ ಸಾಮಾನ್ಯವಾಗಿ ಸಿಟಿಸಿ ಒಳಗೇ ಇರುತ್ತೆ. ನಿಮ್ಮ ಪಾಲಿನ 1,800 ಬೇರೆ ಕಟ್ ಆಗುತ್ತೆ. ಗ್ರಾಚ್ಯುಟಿಗೆ (ಕೆಲಸ ಬಿಡುವಾಗ ಕೊಡೋ ಇಡುಗಂಟು) ಅಂತ ತೋರ್ಸೋದು 720ರ ಹತ್ರ, ವೃತ್ತಿ ತೆರಿಗೆ 200. ಕೈಗೆ ಸುಮಾರು 25,500. ಕೆಲಸ ನೋಡಿ ಆಮೇಲೆ ಕೊಡೋ ವೇರಿಯಬಲ್ ಪೇ ಅಂತ ಸೇರಿಸಿದ್ರೆ ಇನ್ನೂ ಕಮ್ಮಿ. ಪಿಜಿ ಬಾಡಿಗೆ ಲೆಕ್ಕ ಹಾಕೋಕೆ ಮುಂಚೆ ಎಚ್‌ಆರ್ ಹತ್ರ ಪೂರ್ತಿ ಬ್ರೇಕಪ್ ಕೇಳಿ, ಕೇಳಿದ್ರೆ ಯಾರೂ ಆಫರ್ ಕಿತ್ಕೊಳಲ್ಲ.

ಪ್ರಶ್ನೆ: ಬ್ಯಾಂಕ್ ಕೆಲಸಕ್ಕೆ ಐಬಿಪಿಎಸ್ ಪರೀಕ್ಷೆ ಬರೀತಿದೀನಿ, ಇಂಟರ್‌ವ್ಯೂಗೆ ಸೂಟ್ ಹೊಲಿಸ್ಬೇಕಾ? – ಓದುಗ, ಅರಸೀಕೆರೆ

ಉತ್ತರ: ಯಾವ ಪರೀಕ್ಷೆ ಅಂತ ಬರೆದಿಲ್ಲ ನೀವು. ಪಿಒ, ಅಂದ್ರೆ ಬ್ಯಾಂಕ್ ಆಫೀಸರ್ ಹುದ್ದೆ ಆದ್ರೆ ಇಂಟರ್‌ವ್ಯೂ ಇದೆ, ಫೈನಲ್ ಲಿಸ್ಟಲ್ಲಿ ಮೇನ್ಸ್ ಪರೀಕ್ಷೆಗೆ 80, ಇಂಟರ್‌ವ್ಯೂಗೆ 20 ಪಾಲು, ಇಸ್ತ್ರಿ ಮಾಡಿದ ಶರ್ಟು ಪ್ಯಾಂಟು ಧಾರಾಳ ಸಾಕು. ಕ್ಲರ್ಕ್ ಆದ್ರೆ ಇಂಟರ್‌ವ್ಯೂನೇ ಇಲ್ಲ, ದರ್ಜಿ ಹತ್ರ ಹೋಗೋ ಟೈಮಲ್ಲಿ ಇನ್ನೊಂದು ಮಾಕ್ ಟೆಸ್ಟ್ ಬರೀರಿ.