ರಾತ್ರಿ ಹೆಚ್ಚುವ ಜಲಜನಕ: ಲೇಖಕರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಮೇಲ್ವಾತಾವರಣದ ಜಲಜನಕ ದಿನವೊಂದರಲ್ಲಿ ಏರಿಳಿಯುವ ಬಗೆಯನ್ನು ಕುರಿತ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ವಿಷಯ ಗಟ್ಟಿಯಾದದ್ದೇ, ಆದರೆ ಅದರ ತಿರುಳನ್ನು ನೀವು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ.

‘ನಸುಕಿಗೆ ಮುನ್ನ ಜಲಜನಕ ಅತಿ ಹೆಚ್ಚು, ಮಧ್ಯಾಹ್ನದ ಮೇಲೆ ಅತಿ ಕಡಿಮೆ’ ಎಂದು ಬರೆದಿರುವುದು ಸರಿ. ಆದರೆ ಅದೇ ಎತ್ತರದಲ್ಲಿ ಆಮ್ಲಜನಕವು ಬಿಸಿಲಿಗೆ ಉಬ್ಬಿ ಮಧ್ಯಾಹ್ನ ಎರಡರ ಆಸುಪಾಸಿನಲ್ಲಿ ಹೆಚ್ಚುವಾಗ ಜಲಜನಕ ಕುಗ್ಗುವುದೇಕೆ ಎಂಬ ಪ್ರಶ್ನೆಯನ್ನು ನೀವು ಎಲ್ಲಿಯೂ ಎತ್ತಿಲ್ಲ. ಬದಲಿಗೆ, ಹಗಲಿನಲ್ಲಿ ಅದು ಹಾಲು ಉಕ್ಕಿದಂತೆ ಹೊರಚೆಲ್ಲಿ ಹೋಗುತ್ತದೆ ಎಂದಿದ್ದೀರಿ. ಹೋಲಿಕೆ ಚೆಂದವಿದ್ದರೂ ದಾರಿ ತಪ್ಪಿಸುತ್ತದೆ. ಸುಮಾರು 500 ಕಿ.ಮೀ.ಗಿಂತ ಮೇಲೆ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದೇ ಅಪರೂಪವಾದ್ದರಿಂದ, ಪ್ರತಿಯೊಂದೂ ತನ್ನ ವೇಗಕ್ಕೆ ತಕ್ಕಂತೆ ಚಿಮ್ಮಿ, ಗುರುತ್ವಕ್ಕೆ ಸಿಕ್ಕು, ದೂರದಲ್ಲೆಲ್ಲೋ ಬಂದು ಬೀಳುತ್ತದೆ. 1000 ಕೆಲ್ವಿನ್ ತಾಪದಲ್ಲಿ ಜಲಜನಕದ ಪರಮಾಣುವಿಗೆ ಸಾಮಾನ್ಯವಾಗಿ ಸೆಕೆಂಡಿಗೆ 4 ಕಿ.ಮೀ.ಯಷ್ಟು ವೇಗವಿರುತ್ತದೆ, ಭೂಮಿಯ ಹಿಡಿತದಿಂದ ಪಾರಾಗಲು ಅಲ್ಲಿ ಸುಮಾರು 10.8 ಕಿ.ಮೀ. ಬೇಕು. ಹಾಗಾಗಿ ಪಾರಾಗುವವು ಕೆಲವೇ, ಇಡೀ ಭೂಮಿಯಿಂದ ಸೆಕೆಂಡಿಗೆ ಮೂರು ಕಿಲೋ ಆಸುಪಾಸು. ಮಿಕ್ಕವುಗಳಲ್ಲಿ ಹಲವು ಹಗಲಿನ ಬಿಸಿ ಭಾಗದಿಂದ ಉದ್ದನೆಯ ಜಿಗಿತ ಹಾಕಿ ರಾತ್ರಿಯ ತಂಪು ಭಾಗದಲ್ಲಿ ಇಳಿಯುತ್ತವೆ. ಅಲ್ಲಿ ಜಿಗಿತ ಗಿಡ್ಡವಾಗುವುದರಿಂದ ಅಲ್ಲಿಯೇ ಕೂಡಿಕೊಳ್ಳುತ್ತವೆ. ನಿಮ್ಮ ಲೇಖನದ ಅರ್ಧದಷ್ಟು ಜಾಗ ಈ ಸಾಗಾಟಕ್ಕೇ ಸಲ್ಲಬೇಕು.

1972ರಲ್ಲಿ ಅಪೊಲೊ 16ರ ಯಾತ್ರಿಗಳು, ಜಾರ್ಜ್ ಕ್ಯಾರುಥರ್ಸ್ ರೂಪಿಸಿದ ನೇರಳಾತೀತ ಕ್ಯಾಮೆರಾದಿಂದ, ಭೂಮಿಯ ಸುತ್ತಲಿನ ಜಲಜನಕದ ಹೊಳಪನ್ನು ಚಂದ್ರನ ನೆಲದಿಂದಲೇ ಸೆರೆಹಿಡಿದ ಪ್ರಸಂಗವನ್ನು ಕೊನೆಯಲ್ಲಿ ಬಚ್ಚಿಟ್ಟಿದ್ದೀರಿ. ಅದನ್ನು ಮೊದಲಿಗೆ ತನ್ನಿ. ಕಣ್ಣಿಗೆ ಕಾಣದ ಅನಿಲವನ್ನು ಹೇಗೆ ಕಂಡರು ಎಂಬ ಕುತೂಹಲ ಓದುಗನನ್ನು ಒಳಗೆ ಕರೆದೊಯ್ಯುತ್ತದೆ. ಜಲಜನಕದ ಮೂಲ ಕೆಳಗಿನ ನೀರಾವಿ ಮತ್ತು ಮೀಥೇನ್ ಎಂಬುದಕ್ಕೆ ಒಂದು ವಾಕ್ಯ ಸಾಕು.

ಮಂಗಳಯಾನದ ಕಂಡಿಕೆಯನ್ನು ತೆಗೆಯಬೇಕಾಗುತ್ತದೆ. ಜಲಜನಕದ ನೇರಳಾತೀತ ಹೊಳಪನ್ನು ಅಳೆಯಲೆಂದು ಬೆಂಗಳೂರಿನಲ್ಲಿ ತಯಾರಾದ ಲೈಮನ್ ಆಲ್ಫಾ ಫೋಟೋಮೀಟರ್ ಎಂಬ ಉಪಕರಣದ ಬಗ್ಗೆ ಅಭಿಮಾನ ನನಗೂ ಇದೆ; ಆದರೆ ಅದು ಹೋದದ್ದು ಮಂಗಳದ ಜಲಜನಕ, ಡ್ಯುಟೀರಿಯಂ (ಭಾರ ಜಲಜನಕ)ಗಳನ್ನು ಅಳೆಯಲು, ಭೂಮಿಯದನ್ನಲ್ಲ.

ತಿದ್ದಿದ ಪ್ರತಿಯಲ್ಲಿ ಹೊತ್ತನ್ನೆಲ್ಲ ಆಯಾ ಸ್ಥಳದ ಸೌರಕಾಲದಲ್ಲಿಯೇ, ಎಂದರೆ ಅಲ್ಲಿನ ಸೂರ್ಯನ ಸ್ಥಾನಕ್ಕೆ ತಕ್ಕ ಹೊತ್ತಿನಲ್ಲಿಯೇ, ಕೊಡಿ. ಈಗ ಭಾರತೀಯ ಕಾಲಮಾನವನ್ನು ಬಳಸಿರುವುದರಿಂದ, ಜಗತ್ತಿನೆಲ್ಲೆಡೆ ಜಲಜನಕ ಒಂದೇ ಗಳಿಗೆಯಲ್ಲಿ ಹೆಚ್ಚುತ್ತದೆ ಎಂಬ ಅರ್ಥ ಬರುತ್ತಿದೆ.

ಇತಿ,
ಸಂಪಾದಕ