ನೋವಿದ್ದವರೆಲ್ಲ ಒಟ್ಟಿಗೆ ಕೂತರೆ ಏನು ಬಂತು?

ಪ್ರಶ್ನೆ: ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್‌ನಲ್ಲಿ (ಕಾಫಿ ಬೀಜ ಹದಮಾಡುವ ಕಾರ್ಖಾನೆ) ಮೂಟೆ ಹೊರುತ್ತಿದ್ದೆ. ಸೊಂಟನೋವಿನಿಂದ ತಿಂಗಳುಗಟ್ಟಲೆ ಮನೆಯಲ್ಲಿದ್ದೇನೆ. ಮತ್ತೆ ಕೆಲಸಕ್ಕೆ ಹೋಗುವಂತಾಗಲು ಗುಂಪು ತರಬೇತಿಗೆ ಸೇರಿ ಅಂತಾರೆ ಡಾಕ್ಟರು. ಅದರಿಂದ ಏನುಪಯೋಗ ಮೇಡಂ?

ಉತ್ತರ: ಖಂಡಿತ ಸೇರಿ. ನೋವು ಪೂರ್ತಿ ಹೋದಮೇಲೇ ಕೆಲಸ ಅಂತ ಸುಮ್ನೆ ಕಾದರೆ ಮೈ ಇನ್ನೂ ಬಿಗಿಯುತ್ತದೆ, ಧೈರ್ಯವೂ ಕುಗ್ಗುತ್ತದೆ. ಅಲ್ಲಿ ವ್ಯಾಯಾಮದ ಜೊತೆಗೆ ಭಾರ ಎತ್ತುವ ರೀತಿ, ನಡುವೆ ಬಿಡುವು ತಗೊಳ್ಳೋದು, ಮಾಲೀಕರ ಹತ್ತಿರ ಮಾತಾಡೋದು ಎಲ್ಲ ಕಲಿಸುತ್ತಾರೆ. ಸಂಧಿವಾತದವರು, ಶುಗರ್ ಇರುವವರೂ ಬರಬಹುದು. ಕಾಯಿಲೆ ಬೇರೆಯಾದರೂ ‘ಇದೆಲ್ಲ ನಾಟಕ’ ಅನ್ನುವ ಮಾತು ಕೇಳಿ ನೊಂದವರೇ ಜಾಸ್ತಿ, ಅವರ ಜೊತೆ ಮನಸ್ಸು ಬಿಚ್ಚಿ ಮಾತಾಡಬಹುದು, ಅಲ್ವಾ?

ಮೊದಮೊದಲು ಅರ್ಧ ದಿನದ ಕೆಲಸ ಕೇಳಿ. ಮೂಟೆ ಬೇಡ, ಬೀಜ ಆರಿಸೋದು ಅಥವಾ ತೂಕ ಬರೆಯೋದು ಸಾಕು. ಅಲ್ಲೂ ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ. ಕಾಲಿನ ಶಕ್ತಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ತರಬೇತಿ ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ.