ಸದ್ಯಕ್ಕೆ ಓದುತ್ತಿರುವ ಪುಸ್ತಕಗಳು, ಜಗಳ ಸಮೇತ

ಈಗ ಯಾವ ಪುಸ್ತಕ ಓದುತ್ತಿದ್ದೀರಿ, ಇಲ್ಲಿಯವರೆಗೆ ಏನನ್ನಿಸಿತು ಅಂತ ಕೇಳಿದ್ದೀರಿ. ಸುಮ್ನೆ 'ಚೆನ್ನಾಗಿದೆ' ಅಂತ ಬರೆದು ಹೋಗಬೇಡಿ, ಕನ್ನಡದಲ್ಲಿ ಈಗಷ್ಟೇ ಓದಲು ಶುರು ಮಾಡಿದ್ದೇನೆ, ಮೊದಲು ಯಾವುದು ಹಿಡಿಯಲಿ ಅಂತಲೂ ಹೇಳಿ ಎಂದಿದ್ದೀರಿ. ಸರಿ. ಒಳ್ಳೆಯ ಸಮಯಕ್ಕೇ ಕೇಳಿದ್ದೀರಿ, ಯಾಕಂದರೆ ನನ್ನ ಹತ್ತಿರ ಇರುವ ಮೂರೂ ಪುಸ್ತಕ ಇನ್ನೂ ಮುಗಿದಿಲ್ಲ. ಓದಿ ಮುಗಿಸಿದ ಮೇಲೆ ನಮ್ಮ ಅಭಿಪ್ರಾಯ ಮೆತ್ತಗಾಗಿಬಿಡುತ್ತದೆ. ದೊಡ್ಡವರ ಪುಸ್ತಕ ಆದರಂತೂ ಕೈಮುಗಿದು ಎದ್ದುಬಿಡುತ್ತೇವೆ. ನಡುವೆ ಇರುವಾಗ ಮಾತ್ರ ಜಗಳ ಆಡುವ ಧೈರ್ಯ ಇರುತ್ತದೆ.

ಮನೆಯಲ್ಲಿ ಓದುತ್ತಿರುವುದು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'. 1967ರಲ್ಲಿ ಬಂದದ್ದು, 700 ಪುಟದ ಆಸುಪಾಸು. ಬ್ಯಾಗಿನಲ್ಲಿ ಹಾಕಿಕೊಂಡು ತಿರುಗುವ ಪುಸ್ತಕ ಅಲ್ಲ, ಹಾಗಾಗಿ ಅದು ಮಂಚದ ಪಕ್ಕದಲ್ಲೇ ಇರುತ್ತದೆ. ಕತೆ ನನಗೆ ಮೊದಲೇ ಗೊತ್ತಿತ್ತು. ಸಿ. ಬಸವಲಿಂಗಯ್ಯ ಇದನ್ನು ರಾತ್ರಿಯಿಡೀ ನಡೆಯುವ ನಾಟಕ ಮಾಡಿದ್ದರು, ಸುಮಾರು 9 ಗಂಟೆಯದ್ದು. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಶುರುವಾಗಿ ಆಮೇಲೆ ಬೆಂಗಳೂರಿನ ಕಲಾಗ್ರಾಮಕ್ಕೂ ಬಂತು. ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಪ್ರೇಕ್ಷಕರೇ ಎದ್ದು ಹೋಗಬೇಕು. ಕಂಬಳಿ ಹೊದ್ದು ಕೂತು ನೋಡಿದವರಲ್ಲಿ ನಾನೂ ಒಬ್ಬ. ನಾಟಕ ನೋಡಿಯಾಯಿತಲ್ಲ, ಪುಸ್ತಕ ಯಾಕೆ ಅಂತ ಇಷ್ಟು ದಿನ ಮುಂದೂಡುತ್ತಾ ಬಂದೆ.

ಓದಲು ಕೂತರೆ ಇದು ಬೇರೆಯೇ ಲೋಕ. ಒಬ್ಬ ನಾಯಕ ಇಲ್ಲ. ಕಾದಂಬರಿ ತೆರೆದುಕೊಳ್ಳುವುದು ಯಾವ ಹೆಗ್ಗಡೆಯ ಚಾವಡಿಯಲ್ಲೂ ಅಲ್ಲ. ಸಿಂಬಾವಿ ಹೆಗ್ಗಡೆಯವರ ಆಳು ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಕಾಡಿನ ದಾರಿಯಲ್ಲಿ ನಡೆದುಕೊಂಡು ಹೋಗುತ್ತಿರುತ್ತಾನೆ. ಅವನ ಹಿಂದೆಯೇ ನಾವೂ ಹೋಗುತ್ತೇವೆ. ಅವನು ನಿಂತಲ್ಲಿ ನಿಲ್ಲುತ್ತೇವೆ, ಅವನು ಯಾರ ಮನೆ ಅಂಗಳ ತುಳಿಯುತ್ತಾನೋ ಆ ಮನೆಯ ಸಂಸಾರವೆಲ್ಲ ಗೊತ್ತಾಗುತ್ತದೆ. ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ ಹೀಗೆ ಮನೆಗಳು ಒಂದಾದ ಮೇಲೊಂದು ಬರುತ್ತವೆ. ಯಾರು ಯಾರಿಗೆ ಏನಾಗಬೇಕು ಅನ್ನುವುದು ಮೊದಲ 100 ಪುಟ ತಲೆ ತಿನ್ನುತ್ತದೆ. ನಾನು ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಮನೆಗಳನ್ನೂ ಅದರೊಳಗಿನ ಜನರನ್ನೂ ಬರೆದಿಟ್ಟುಕೊಂಡಿದ್ದೇನೆ. ನೀವು ಓದುವುದಾದರೆ ನೀವೂ ಹಾಗೇ ಮಾಡಿ. ನೆಂಟರ ಮದುವೆಗೆ ಹೋದಾಗ ಅಮ್ಮ ಪಕ್ಕದಲ್ಲಿ ಕೂತು 'ಇವರು ಅವರ ಷಡ್ಡಕ' ಅಂತ ಹೇಳುತ್ತಾರಲ್ಲ, ಆ ಹಾಳೆ ಅಷ್ಟು ಸಹಾಯ ಮಾಡುತ್ತದೆ.

ಜಗಳ ಎಲ್ಲಿ ಅಂದರೆ, ಪ್ರೇಮದ ಜೋಡಿಗಳಲ್ಲಿ. ಗುತ್ತಿ ಬೆಟ್ಟಳ್ಳಿ ಕೇರಿಯ ತಿಮ್ಮಿಯನ್ನು ಹಾರಿಸಿಕೊಂಡು ಹೋಗುವ ಭಾಗ ಇದೆ. ಅದರಲ್ಲಿ ಭಯ ಇದೆ, ತಮಾಷೆ ಇದೆ, ಹಸಿವು ಇದೆ. ಐತ ಮತ್ತು ಪೀಂಚಲು ಅನ್ನುವ ಗಂಡ ಹೆಂಡಿರಂತೂ ಬಂದಾಗಲೆಲ್ಲ ಪುಟ ಬೆಳಗುತ್ತದೆ. ಅದೇ ಕೋಣೂರಿನ ಮುಕುಂದಯ್ಯ ಮತ್ತು ಹೂವಳ್ಳಿ ಚಿನ್ನಮ್ಮನ ವಿಷಯಕ್ಕೆ ಬಂದರೆ ಬರವಣಿಗೆ ಸ್ವಲ್ಪ ನೆಟ್ಟಗೆ ಕೂತುಬಿಡುತ್ತದೆ. ಮಾತು ಮೆದುವಾಗುತ್ತದೆ, ಪ್ರಕೃತಿ ಜಾಸ್ತಿ ಚೆಂದವಾಗುತ್ತದೆ. ಕುವೆಂಪು ಅಭಿಮಾನಿಗಳು ಬಯ್ಯಬಹುದು. ಆದರೆ ನನಗೆ ಗುತ್ತಿಯೇ ಹೆಚ್ಚು ಜೀವಂತ ಅನ್ನಿಸಿದ.

ನಡುವೆ ಒಂದು ಕಡೆ ಲೇಖಕರು ಇದ್ದಕ್ಕಿದ್ದಂತೆ ಮಲೆನಾಡು ಬಿಟ್ಟು ಅಮೆರಿಕಕ್ಕೆ ಹಾರುತ್ತಾರೆ. 1893, ಚಿಕಾಗೋ, ವಿವೇಕಾನಂದರ ಭಾಷಣ. ಈ ಕಡೆ ಕಾಡಿನಲ್ಲಿ ಹೆಸರಿಲ್ಲದ ಜನ ತಮ್ಮ ಪಾಡಿಗೆ ತಾವು, ಆ ಕಡೆ ಜಗತ್ತೇ ಕಿವಿಗೊಟ್ಟ ಮಾತು. ಓದುವಾಗ 'ಇದೇನಿದು, ಇಲ್ಯಾಕೆ' ಅನ್ನಿಸಿತು. ಕತೆಯ ಓಟಕ್ಕೆ ಅದು ಅಡ್ಡ ಬಂತು ಅಂತಲೇ ಈಗಲೂ ನನ್ನ ಅಭಿಪ್ರಾಯ. ಆದರೆ ಒಂದು ಲಾಭವೂ ಆಯಿತು. ಕತೆ ನಡೆಯುವ ಕಾಲ ಯಾವುದು ಅನ್ನುವುದು ಖಚಿತವಾಯಿತು. ಅದಾದ ಮೇಲೆ ಪಾದ್ರಿ ಬಂದಾಗ, ಬೈಸಿಕಲ್ಲು ಬಂದಾಗ, ಹೊರಗಿನ ಗಾಳಿ ಎಷ್ಟು ನಿಧಾನಕ್ಕೆ ಈ ಮಲೆಗೆ ನುಗ್ಗುತ್ತಿದೆ ಅನ್ನುವುದು ಕಾಣತೊಡಗಿತು. ಅವರದೇ 'ಕಾನೂರು ಹೆಗ್ಗಡಿತಿ' 1936ರದ್ದು. ಅದರಲ್ಲಿ ಹೂವಯ್ಯ ಆಗಾಗ ನಮಗೆ ಪಾಠ ಹೇಳುತ್ತಾನೆ. 30 ವರ್ಷದ ಮೇಲೆ ಬರೆದ ಇದರಲ್ಲಿ ಪಾಠ ಹೇಳುವ ಪಾತ್ರವೇ ಇಲ್ಲದಿರುವುದು ನನಗೆ ದೊಡ್ಡ ಸಮಾಧಾನ.

ಎರಡನೆಯದು ಬಾನು ಮುಷ್ತಾಕ್ ಅವರ ಕತೆಗಳು. ದೀಪಾ ಭಾಸ್ತಿ ಮಾಡಿದ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಬಂದ ಮೇಲೆ ಎಲ್ಲರಂತೆ ನಾನೂ ಹುಡುಕಿ ತಂದೆ. ಹಾಸನದಲ್ಲಿ ವಕೀಲಿಕೆ ಮಾಡಿದವರು, ಲಂಕೇಶ್ ಪತ್ರಿಕೆಗೆ ವರದಿ ಬರೆದವರು. ಅದು ಕತೆಗಳಲ್ಲಿ ಕಾಣುತ್ತದೆ. ಯಾರ ಹೆಸರಲ್ಲಿ ಏನಿದೆ, ಜೀವನಾಂಶ ಯಾರು ಕೊಡಬೇಕು, ಯಾರು ತಪ್ಪಿಸಿಕೊಳ್ಳುತ್ತಾರೆ ಅನ್ನುವುದೆಲ್ಲ ನಿಖರವಾಗಿರುತ್ತದೆ. 'ಕರಿ ನಾಗರಗಳು' ಕತೆಯಲ್ಲಿ ಗಂಡ ಬಿಟ್ಟುಹೋದ ಹೆಂಗಸೊಬ್ಬಳು ಮಕ್ಕಳನ್ನು ಕಟ್ಟಿಕೊಂಡು ಮಸೀದಿಗೆ ಬಂದು ನ್ಯಾಯ ಕೇಳುತ್ತಾಳೆ. ಗಿರೀಶ್ ಕಾಸರವಳ್ಳಿ ಅವರ 'ಹಸೀನಾ' ಸಿನಿಮಾ ಇದರಿಂದಲೇ ಬಂದದ್ದು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು 'ಎದೆಯ ಹಣತೆ'. ಗಂಡನಿಗೆ ಬೇರೆ ಸಂಬಂಧ ಇದೆ ಅಂತ ಗೊತ್ತಾದ ಮೆಹರುನ್ ಮಗುವನ್ನೆತ್ತಿಕೊಂಡು ತವರಿಗೆ ಬರುತ್ತಾಳೆ. ಬಾಗಿಲು ತಳ್ಳಿ ಒಳಗೆ ಕಾಲಿಡುತ್ತಿದ್ದಂತೆ ಮನೆಯವರ ಮಾತು ನಿಂತುಹೋಗುತ್ತದೆ. ಇಷ್ಟೇ. 'ಬಾ' ಅಂತ ಯಾರೂ ಅನ್ನುವುದಿಲ್ಲ. ಅಪ್ಪ, ಅಣ್ಣಂದಿರು ಯಾರೂ ರಾಕ್ಷಸರಲ್ಲ. ಅವರಿಗೆ ಬೇಕಾಗಿರುವುದು ಒಂದೇ, ಇವಳು ಕತ್ತಲಾಗುವ ಮುಂಚೆ ವಾಪಸ್ ಹೋಗಬೇಕು. ಮನೆ ಮರ್ಯಾದೆ ಉಳಿಯಬೇಕು. ಇದನ್ನು ಓದಿದ ರಾತ್ರಿಯೇ ಮತ್ತೆ ಮದುಮಗಳು ತೆಗೆದೆ, ಆಗ ಎರಡೂ ಪುಸ್ತಕ ಒಂದಕ್ಕೊಂದು ಮಾತಾಡಿಕೊಳ್ಳತೊಡಗಿದವು. ಅಲ್ಲಿ ಚಿನ್ನಮ್ಮ ಬೇಡದ ಮದುವೆಯಿಂದ ತಪ್ಪಿಸಿಕೊಂಡು ಓಡುತ್ತಾಳೆ. ಓಡಲು ಕಾಡು ಇದೆ, ಬಚ್ಚಿಡಲು ಪೀಂಚಲು ಇದ್ದಾಳೆ. ತಿಮ್ಮಿಗೂ ಕಾಡು ಇದೆ. ಮೆಹರುನ್‌ಗೆ ಇರುವುದು ಬಸ್ಸು, ರಸ್ತೆ, ತವರು. ಆ ರಸ್ತೆ ಹೋದ ಕಡೆಯಿಂದಲೇ ತಿರುಗಿ ಬರುತ್ತದೆ. 100 ವರ್ಷ ಮುಂದೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಓಡಲು ಜಾಗ ಕಡಿಮೆಯಾಯಿತೇ ಅನ್ನಿಸಿತು. ಕುವೆಂಪು ತೋರಿಸಿದ ಕಾಡು ನಿಜಕ್ಕೂ ಅಷ್ಟು ಹೆಣ್ಣುಮಕ್ಕಳನ್ನು ಕಾಪಾಡಿತ್ತೇ ಅಂತಲೂ ಅನುಮಾನ ಬಂತು. ಒಂದೊಂದಾಗಿ ಓದಿದ್ದರೆ ಈ ಎರಡು ಪ್ರಶ್ನೆಯೂ ನನಗೆ ಹುಟ್ಟುತ್ತಿರಲಿಲ್ಲ.

ಬಾನು ಅವರ ಬಗ್ಗೆಯೂ ಒಂದು ತಕರಾರು ಇದೆ. ಕೆಲವು ಕತೆಗಳಲ್ಲಿ ಕೊನೆಗೆ ದನಿ ಏರುತ್ತದೆ. 'ಒಮ್ಮೆ ಹೆಣ್ಣಾಗು ಪ್ರಭುವೇ' ಹೆಸರಿನಲ್ಲೇ ದೇವರಿಗೆ ನೇರ ಸವಾಲು. ಅದು ಎಷ್ಟೋ ಜನಕ್ಕೆ ಇಷ್ಟವಾದ ಕತೆ, ನನಗೆ ಮಾತ್ರ ತವರಿನ ಆ ಮೌನದ ಮುಂದೆ ಇದು ಸಪ್ಪೆ. ಇನ್ನೊಂದು ಮಾತು, ಈ ಕತೆಗಳನ್ನು ಸಾಲಾಗಿ ಓದಬೇಡಿ. ಒಂದೇ ಸಂಕಟ ಬೇರೆ ಬೇರೆ ಮನೆಯಲ್ಲಿ ಮತ್ತೆ ಮತ್ತೆ ಬಂದು ಮನಸ್ಸು ಜಡ್ಡುಗಟ್ಟುತ್ತದೆ. ಅದು ಕತೆಗಳಿಗೆ ಅನ್ಯಾಯ.

ಮೂರನೆಯದು ಕುವೆಂಪು ಅವರ ಮಗ ತೇಜಸ್ವಿ ಅವರ 'ಕರ್ವಾಲೋ', 1980ರದ್ದು. ಇದು ಮೆಟ್ರೋದಲ್ಲಿ ಓದುವ ಪುಸ್ತಕ, ಅದೂ ಮರು ಓದು. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಇಷ್ಟರಲ್ಲಿ ಯಾರಾದರೂ ನಿಮಗೆ ಹೇಳಿಯೇ ಇರುತ್ತಾರೆ. ತೋಟ ಮಾರಿ ಹೋಗಿಬಿಡೋಣ ಅಂದುಕೊಂಡಿರುವ ಒಬ್ಬ ರೈತ, ಒಬ್ಬ ವಿಜ್ಞಾನಿ, ಊರಿನವರು ಕೆಲಸಕ್ಕೆ ಬಾರದವನು ಅಂದುಕೊಂಡ ಮಂದಣ್ಣ. ಹಾರುವ ಓತಿಯನ್ನು ಮೊದಲು ಕಂಡವನು ಆ ಮಂದಣ್ಣನೇ. ಕಳ್ಳಭಟ್ಟಿ ಕೇಸಿನ ಭಾಗ ಓದುವಾಗ ನಾನು ಜೋರಾಗಿ ನಕ್ಕಿದ್ದಕ್ಕೆ ಪಕ್ಕದವರು ತಿರುಗಿ ನೋಡಿದರು. ಅಪ್ಪನ ಕಾದಂಬರಿಯಲ್ಲಿ ಹುಲಿಯ, ಮಗನ ಕಾದಂಬರಿಯಲ್ಲಿ ಕಿವಿ. ಎರಡು ನಾಯಿಗಳನ್ನೇ ಇಟ್ಟುಕೊಂಡು ಅಪ್ಪ ಮಗನ ಬರವಣಿಗೆಯ ವ್ಯತ್ಯಾಸ ಹೇಳಬಹುದು. ಹುಲಿಯನಿಗೆ ಮನುಷ್ಯರಷ್ಟೇ ತೂಕದ ಬದುಕು ಇದೆ. ಕಿವಿ ಮಾತ್ರ ನಿಮ್ಮ ನಮ್ಮ ಮನೆಯ ನಾಯಿ, ತರಲೆ.

ಈಗ ಯಾವುದರಿಂದ ಶುರು ಮಾಡಲಿ ಅಂದಿರಲ್ಲ. ಕಣ್ಣು ಮುಚ್ಚಿಕೊಂಡು 'ಕರ್ವಾಲೋ' ತಗೊಳ್ಳಿ. ಒಂದು ಶನಿವಾರ ಭಾನುವಾರದಲ್ಲಿ ಮುಗಿಯುತ್ತದೆ, ಕನ್ನಡವೂ ನಿಮ್ಮನ್ನು ಹೆದರಿಸುವುದಿಲ್ಲ. ಅದರ ಬೆನ್ನಿಗೆ ಬಾನು ಅವರ ಒಂದೊಂದು ಕತೆ. ಮದುಮಗಳು ನಿಮ್ಮ ಮಟ್ಟಿಗೆ ಮುಂದಿನ ಮಳೆಗಾಲಕ್ಕೆ ಇರಲಿ, ಪೆನ್ಸಿಲ್ ಮರೆಯಬೇಡಿ. 'ಎದೆಯ ಹಣತೆ' ಮಾತ್ರ ಮಲಗುವ ಮುಂಚೆ ಓದಬೇಡಿ.